ಪಕ್ಕದ ಸೀಟಿನ ಬ್ರೇಕು

ಮಗಳು ಕಾರು ತಂದ ಸಂಜೆ ಮೇಷ್ಟ್ರು ಊಟದ ಮೇಜಿನ ಕೆಳಗೆ ಬ್ರೇಕ್ ಒತ್ತಿದರು.

ಅದರಲ್ಲಿ ಹೊಸದೇನಿರಲಿಲ್ಲ. ಡ್ರೈವಿಂಗ್ ಶಾಲೆಯ ಮೇಷ್ಟ್ರಾಗಿ ಅರ್ಧ ಆಯುಸ್ಸನ್ನು ಪಕ್ಕದ ಸೀಟಿನಲ್ಲೇ ಕಳೆದವರು ಅವರು. ಕಲಿಯುವವರ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿ ಒತ್ತಿ ಆ ಪಾದಕ್ಕೆ ತನ್ನದೇ ಒಂದು ಬುದ್ಧಿ ಬಂದುಬಿಟ್ಟಿತ್ತು. ಹಾಲು ಉಕ್ಕಿದರೆ ಒತ್ತುತ್ತಿತ್ತು, ಮನೆಯಲ್ಲಿ ದನಿ ಏರಿದರೆ ಒತ್ತುತ್ತಿತ್ತು, ಟಿವಿಯಲ್ಲಿ ಯಾರಾದರೂ ಮದುವೆಗೆ ಒಪ್ಪಿಕೊಂಡರೂ ಒತ್ತುತ್ತಿತ್ತು.

"ಹಳೇ ಕಾರು, ಅದೂ ಎರಡೇ ಬಾಗಿಲು," ಅಂದರು ಮೇಷ್ಟ್ರು. "ನಾವು ನಾಲ್ಕು ಜನ."

"ಹಿಂದೆ ಸೀಟಿದೆಯಲ್ಲಪ್ಪ," ಅಂದಳು ಮಗಳು.

"ಅದು ಸೀಟಲ್ಲ, ತರಕಾರಿ ಚೀಲ ಇಡೋ ಜಾಗ."

"ನನ್ನನ್ನ ಅಲ್ಲಿ ಕೂರಿಸಿದ್ರೆ ಈಚೆ ತೆಗೆಯೋಕೆ ಚಮಚ ಬೇಕಾಗತ್ತೆ," ಅಂದಳು ಅಜ್ಜಿ. ಮೇಷ್ಟ್ರ ತಾಯಿ. ಮೊಮ್ಮಗಳಿಗೆ ಮೆಣಸು ಎಂದು ಹೆಸರಿಟ್ಟವಳೂ ಅವಳೇ. ಹುಟ್ಟಿದಾಗ ಅಷ್ಟೇ ಇದ್ದಳು, ಅಷ್ಟೇ ಖಾರ ಕೂಡ.

ಮೆಣಸು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಯಾರದೋ ಬಾಯಿಯ ಅಚ್ಚಿನ ಮೇಲೆ ಯಾರದೋ ನಗು ಕೂರಿಸುವ ಕೆಲಸ. ಅಮ್ಮ ಬೇಕರಿಯಲ್ಲಿ ಬೆಳಗಿನ ಪಾಳಿ. ಮನೆಗೆ ಬರುವಾಗ ಮಾರದೆ ಉಳಿದ ಬ್ರೆಡ್ಡು ಚೀಲದಲ್ಲಿ, ಹಿಟ್ಟು ಹುಬ್ಬಿನಲ್ಲಿ. ಅವತ್ತು ಅವಳು ತಟ್ಟೆ ಎತ್ತುತ್ತಾ ಒಂದೇ ಮಾತು ಕೇಳಿದಳು: "ಇದನ್ನಿಟ್ಕೊಂಡು ಏನು ಮಾಡ್ತೀಯ?"

ಅದಕ್ಕೆ ಉತ್ತರ ಮೆಣಸಿನ ಹತ್ತಿರ ಸಿದ್ಧವಾಗಿತ್ತು. ಊರಾಚೆಯ ಬೆಟ್ಟದ ರಸ್ತೆಯನ್ನು ವರ್ಷಕ್ಕೊಂದು ಭಾನುವಾರ ಮುಚ್ಚಿ, ಚಿಕ್ಕ ಕಾರುಗಳವರಿಗೆ ಬಿಟ್ಟುಕೊಡುತ್ತಾರೆ. ಒಬ್ಬರ ಹಿಂದೆ ಒಬ್ಬರು ಹತ್ತುವುದು, ಯಾರು ಬೇಗ ಅಂತ ನೋಡುವುದು. ಅಷ್ಟರೊಳಗೆ ಕಾರನ್ನು ಒಂದಿಷ್ಟು ತಿದ್ದಬೇಕು. ಅವಳ ಹೆಸರು ಈಗಾಗಲೇ ಕೊಟ್ಟಾಗಿದೆ.

ಮೇಷ್ಟ್ರ ಕಾಲು ಇನ್ನೊಮ್ಮೆ ಒತ್ತಿತು.

"ಸರಿ," ಅಂದರು. "ಏನು ಬೇಕಾದ್ರೂ ಹಾಕಿಸ್ಕೋ. ಆದ್ರೆ ನನ್ನ ಕಡೇನೂ ಒಂದು ಬ್ರೇಕ್ ಹಾಕಿಸ್ಬೇಕು. ನಾನು ಪಕ್ಕದಲ್ಲಿ ಕೂತಿರ್ಬೇಕು. ಅದಿಲ್ದೆ ನೀನು ಬೆಟ್ಟ ಹತ್ತೋ ಹಾಗಿಲ್ಲ."

"ಅಪ್ಪಾ! ಜನ ನಗ್ತಾರೆ!"

"ನಗಲಿ. ಅವರ ಹಲ್ಲು ಹೋದ್ರೆ ನಿನಗೇ ಕೆಲಸ."

ಗ್ಯಾರೇಜಿನ ಅಣ್ಣನ ಹತ್ತಿರ ಅಪ್ಪ ಮಗಳು ಜೊತೆಗೇ ಹೋದರು. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಟೈರನ್ನು ಒದ್ದು, ಸೊಂಟಕ್ಕೆ ಕೈಯಿಟ್ಟು ನಿಂತ.

"ಎಲ್ಲರೂ ಬಂದು ಮೊದಲು ಸೈಲೆನ್ಸರ್ ಬದಲಾಯಿಸು ಅಂತಾರೆ. ಸದ್ದು ಮಾಡಿದ್ರೆ ಓಡಿದ ಹಾಗೆ ಅಂದ್ಕೋತಾರೆ. ನನ್ನ ಮಾತು ಕೇಳು. ಮೊದಲು ಟೈರು. ಆಮೇಲೆ ಬ್ರೇಕ್ ಪ್ಯಾಡು. ಆಮೇಲೆ ಗಿಡ್ಡ ಸ್ಪ್ರಿಂಗು. ಎಂಜಿನ್ ತಂಟೆಗೆ ಕೊನೆಗೆ ಹೋಗು. ಮೊದಲು ನಿಲ್ಲೋದು ಕಲೀಬೇಕು ಕಣಮ್ಮ. ಓಡೋದು ಎಲ್ಲರಿಗೂ ಬರತ್ತೆ."

ಈ ಒಂದು ಮಾತಿಗೆ ಮೇಷ್ಟ್ರಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದರು.

ಟೈರು ಬಂತು. ಪ್ಯಾಡು ಬಂತು. ಸ್ಪ್ರಿಂಗು ಕೂತ ಮೇಲೆ ಕಾರು ಬೆಕ್ಕು ಹೊಂಚುಹಾಕಿದ ಹಾಗೆ ನೆಲಕ್ಕಿಳಿಯಿತು. ಮೆಣಸು ಲ್ಯಾಬಿನಿಂದ ಬಂದವಳೇ ಊಟವನ್ನೂ ಮರೆತು ಅದರ ಕೆಳಗೆ ಮಲಗಿರುತ್ತಿದ್ದಳು. ಬಟ್ಟೆ ಒಗೆಯುವ ಪಾಳಿ ತಪ್ಪಿತು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವುದು ತಪ್ಪಿತು. "ಈ ಮನೇಲಿ ಎಣ್ಣೆ ಭಾಗ್ಯ ಈಗ ಕಾರಿಗೆ ಮಾತ್ರ," ಎಂದು ಅಜ್ಜಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂತಳು.

ಹಾಗೆ ಕೂತವಳೇ ಒಂದು ಸಂಜೆ ಬೀನ್ಸ್ ಮುರಿಯುತ್ತಾ ಹೇಳಿದಳು: "ಎದುರುಗಡೆ ದೀಪದ ಕಂಬದ ಹತ್ರ ಒಬ್ಬ ನಿಂತಿದ್ದ. ಮೆಣಸು ಕಾರು ಹೊರಡಿಸಿದಳಲ್ಲ, ಅವನ ಕಾಲು ಹೀಗೆ, ನಿನ್ನ ಕಾಲಿನ ಹಾಗೇ, ನೆಲ ಒತ್ತುತ್ತಿತ್ತು."

"ಅಮ್ಮಾ, ನಿನಗೆ ಕಣ್ಣಿಗೆ ಪೊರೆ ಬಂದಿದೆ," ಅಂದರು ಮೇಷ್ಟ್ರು.

"ಕಣ್ಣಿಗೆ ಬಂದಿರಬಹುದು ಕಣೋ. ಆ ಕಾಲು ನನಗೆ ನೀನು ಹೊಟ್ಟೇಲಿದ್ದಾಗಿಂದ ಗೊತ್ತು. ಒದೀತಿದ್ದದ್ದು ಅದೇ ಅಲ್ವಾ?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

ಮುಂದಿನ ವಾರ ಬಾನೆಟ್ಟಿನೊಳಗೆ ಅಡ್ಡಕಂಬಿ ಹಾಕುವ ಕೆಲಸ. ತಿರುವಿನಲ್ಲಿ ಕಾರಿನ ಮೈ ತಿರುಚದಂತೆ ಎರಡು ಭುಜಗಳನ್ನು ಬಿಗಿಹಿಡಿಯುವ ಕಂಬಿ ಅದು. ಗ್ಯಾರೇಜಿನ ಅಣ್ಣ ಅಳತೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತೂತು ಕೊರೆಯುವ ಮೊದಲು ಮೊಳೆಯಿಟ್ಟು ಮೆಲ್ಲಗೆ ಒಂದು ಏಟು ಹಾಕಿದ. ಬಣ್ಣದ ಚಕ್ಕೆ ಎದ್ದಿತು. ಅದರ ಹಿಂದೆ ಬಿಳೀ ಪುಡಿ ಉದುರಿತು. ಪುಡಿಯ ಹಿಂದೆ ದುಂಡನೆಯ ಕತ್ತಲೆ.

"ನಾನಿನ್ನೂ ಕೊರೆದೇ ಇಲ್ಲ," ಅಂದ ಅಣ್ಣ.

ಉಳಿದ ಗುರುತುಗಳ ಮೇಲೂ ಮೊಳೆ ಇಟ್ಟ. ಎಲ್ಲೆಲ್ಲಿ ಸುಣ್ಣವಿತ್ತೋ ಅಲ್ಲೆಲ್ಲ ತೂತಿತ್ತು. ಅಣ್ಣ ಕೈ ಒರೆಸಿಕೊಂಡು ನಗುವುದಕ್ಕೆ ನೋಡಿದ. "ಒಳ್ಳೇದೇ ಆಯ್ತು ಬಿಡು, ಕೆಲಸ ಉಳೀತು."

ಸೀಟಿನದೂ ಅದೇ ಕತೆ. ಮೈಯನ್ನು ಅಪ್ಪಿ ಹಿಡಿಯುವ ಗಟ್ಟಿ ಸೀಟು ತಂದು, ಹಳೆಯದನ್ನು ಬಿಚ್ಚಿ ನೋಡಿದರೆ, ನೆಲದ ತಗಡಿನಲ್ಲಿ ಹೊಸ ಬೋಲ್ಟುಗಳಿಗೆ ಬೇಕಾದ ಕಡೆಯಲ್ಲೇ ಯಾರೋ ಕೊರೆದು, ತುಂಬಿ, ಉಜ್ಜಿ, ಬಣ್ಣ ಬಳಿದಿದ್ದರು.

ಅವತ್ತು ಊಟಕ್ಕೆ ಅನ್ನ, ಬೇಳೆ, ಅಮ್ಮ ತಂದಿದ್ದ ಬ್ರೆಡ್ಡಿನ ಅಂಚುಗಳು. ಮೆಣಸು ಒಂದು ತುತ್ತನ್ನು ಎಷ್ಟೋ ಹೊತ್ತು ಅಗಿದಳು.

"ಯಾರೋ ಮೊದಲು ಹಾಕಿಸಿದ್ರು, ಆಮೇಲೆ ತೆಗೆಸಿದ್ರು. ಅದಕ್ಕೇನೀಗ?" ಅಂದಳು ಅಮ್ಮ. "ನಮ್ಮ ಬೇಕರಿ ಗೋಡೇಲಿ ಹಳೇ ಮೊಳೆ ತೂತು ನೂರಿವೆ."

"ಅದನ್ನ ಯಾರಾದ್ರೂ ಮುಚ್ಚಿದಾರಾ? ಇದನ್ನ ಮುಚ್ಚಿದಾರೆ ಅಮ್ಮ. ಹಲ್ಲು ತುಂಬಿದ ಹಾಗೆ ಮುಚ್ಚಿದಾರೆ. ದಿನಾ ಅದೇ ಕೆಲಸ ಮಾಡೋಳು ನಾನು, ನನ್ನ ಬೆರಳಿಗೇ ಸಿಗಲಿಲ್ಲ."

"ಮುಚ್ಚಿದವರಿಗೆ ಅದು ತೂತು ಅನ್ನಿಸಿರಲ್ಲ, ಗಾಯ ಅನ್ನಿಸಿರತ್ತೆ," ಅಂದಳು ಅಜ್ಜಿ.

ಮೇಜಿನ ಕೆಳಗೆ ಮೇಷ್ಟ್ರ ಕಾಲು ತನ್ನ ಪಾಡಿಗೆ ಒತ್ತಿತು, ಬಿಟ್ಟಿತು.

ಆಮೇಲೆ ಮೆಣಸಿಗೊಂದು ಚಟ ಹತ್ತಿತು. ಹೊಸ ಸಾಮಾನು ಕೊಳ್ಳುವ ಮೊದಲೇ ಟಾರ್ಚು ಹಿಡಿದು, ಬೆರಳ ತುದಿಯಲ್ಲಿ ತಗಡನ್ನು ತಟ್ಟುತ್ತಾ ಹೋಗುವುದು. ಎಲ್ಲಿ ಸದ್ದು ಮಂದವಾಯಿತೋ ಅಲ್ಲಿ ತೂತಿದೆ. ಆ ತೂತಿಗೆ ಯಾವ ಸಾಮಾನು ಎಂದು ಯೋಚಿಸಿ, ಅದನ್ನೇ ತರುವುದು. ತನಗೆ ಬೇಕಾದ್ದನ್ನು ಹಾಕುತ್ತಿದ್ದಾಳೋ, ಕಾರಿಗೆ ಬೇಕಾದ್ದನ್ನು ಹಾಕುತ್ತಿದ್ದಾಳೋ ಎಂಬುದೇ ಅವಳಿಗೆ ತಿಳಿಯದಾಯಿತು. ಲ್ಯಾಬಿನಲ್ಲಿ ಯಾರದೋ ಬಾಯಿಯ ಅಚ್ಚು ಕೈಗೆತ್ತಿಕೊಂಡಾಗ ಅದೇ ಅನುಮಾನ: ಬಾಯಿ ಇಲ್ಲ, ಬಾಯಿಯ ಗುರುತಿದೆ, ಅದು ಹೇಳಿದಂತೆ ಹಲ್ಲು ಕೂರಿಸುತ್ತಾ ಹೋದರೆ ಕೊನೆಗೆ ಯಾರೋ ಒಬ್ಬರು ನಗುತ್ತಾರೆ.

ಭಾನುವಾರ ಹತ್ತಿರ ಬಂದಂತೆ ಪಕ್ಕದ ಬ್ರೇಕಿನ ಜಗಳ ಜೋರಾಯಿತು. ಪಾತ್ರೆ ತೊಳೆಯುವ ಜಾಗದಲ್ಲೇ ಶುರು.

"ಪೆಡಲ್ ಕೂರಿಸೋರಿಗೆ ಹೇಳಿದೀನಿ. ಶನಿವಾರ ಬರ್ತಾರೆ," ಅಂದರು ಮೇಷ್ಟ್ರು, ತಟ್ಟೆ ಒರೆಸುತ್ತಾ.

"ನನಗೆ ಗಾಡಿ ಓಡಿಸೋದು ಕಲಿಸಿದ್ದು ನೀನೇ ಅಲ್ವಾ ಅಪ್ಪ? ನೀನು ಕಲಿಸಿದ್ದರ ಮೇಲೆ ನಿನಗೇ ನಂಬಿಕೆ ಇಲ್ವಾ?"

"ನಿನ್ನ ಮೇಲೆ ನಂಬಿಕೆ ಇದೆ. ರಸ್ತೆ ಮೇಲಿಲ್ಲ."

"ಸುಳ್ಳು. ನಿನ್ನ ಕಾಲು ಇಷ್ಟು ವರ್ಷ ಕಂಡವರ ಭಯಾನೆಲ್ಲ ಒತ್ತಿ ಒತ್ತಿ ಕೆಟ್ಟುಹೋಗಿದೆ. ಈಗ ನನ್ನದೂ ಬೇಕು ಅದಕ್ಕೆ."

"ಏಯ್! ಅಪ್ಪನ ಹತ್ರ ಹಾಗಾ ಮಾತಾಡೋದು?" ಅಮ್ಮ ನಲ್ಲಿ ನಿಲ್ಲಿಸಿದಳು.

"ಮಾತಾಡ್ಲಿ ಬಿಡೇ," ಅಂದರು ಮೇಷ್ಟ್ರು. "ಬೈದ್ರೂ ಬದುಕಿರ್ತಾಳಲ್ಲ, ಅಷ್ಟು ಸಾಕು ನನಗೆ."

ಶನಿವಾರ ಮಧ್ಯಾಹ್ನ ಪೆಡಲ್ ಕೂರಿಸುವವನು ಬಂದ. ಊರಿನ ಡ್ರೈವಿಂಗ್ ಶಾಲೆಗಳ ಕಾರುಗಳಿಗೆಲ್ಲ ಎರಡನೇ ಬ್ರೇಕ್ ಹಾಕುತ್ತಿದ್ದವನು ಅವನೊಬ್ಬನೇ. ಅಮ್ಮ ಕೊಟ್ಟ ಚಹಾ ಕುಡಿದು, ಪಕ್ಕದ ಸೀಟಿನ ಮುಂದೆ ಮಂಡಿಯೂರಿ, ನೆಲಹಾಸನ್ನು ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

"ಮೇಷ್ಟ್ರೇ, ಈ ಕಾರು ಮೊದಲು ಹಳದಿ ಇತ್ತಾ?"

"ಬೂದಿ ಬಣ್ಣವೇ. ನಾವು ತಂದಾಗಿಂದ ಹೀಗೇ."

ಅವನು ನೆಲಹಾಸನ್ನು ಇನ್ನಷ್ಟು ಮಡಚಿದ. ಅಡಿಯಲ್ಲಿ, ಬಣ್ಣ ಬಳಿಯುವವನ ಕೈ ಎಟುಕದ ಮೂಲೆಯಲ್ಲಿ, ಅಂಗೈಯಗಲ ಹಳದಿ ಉಳಿದಿತ್ತು. ಅದರ ನಡುವೆ ತುಂಬಿ ಮುಚ್ಚಿದ ಮೂರು ಕಲೆ. ಅವನು ಹಿಂದಕ್ಕೆ ಸರಿದು ನೆಲದ ಮೇಲೇ ಕೂತುಬಿಟ್ಟ.

"ಇದನ್ನ ಕೊರೆದಿದ್ದು ನಾನು."

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ಹತ್ತಿರ ಬಂದಳು. ಅವನು ಮೇಷ್ಟ್ರ ಮುಖ ನೋಡದೆ ಹೇಳಿದ.

"ಶಾಲೆಯವರಲ್ಲದೆ ನನ್ನ ಹತ್ರ ಇದನ್ನ ಕೇಳ್ಕೊಂಡು ಬಂದೋರು ಇಬ್ಬರೇ. ಒಬ್ಬರು ನೀವು. ಇನ್ನೊಬ್ಬರು ಈ ಕಾರಿನ ಹಳೇ ಯಜಮಾನರು. ಬಸ್ ಡ್ರೈವರ್ ಆಗಿದ್ರು. ಮಗನಿಗೆ ಈ ಕಾರಿನ ಹುಚ್ಚು. ಏನು ಬೇಕಾದ್ರೂ ಹಾಕಿಸ್ಕೋ, ನನ್ನ ಕಡೆಗೂ ಒಂದು ಬ್ರೇಕ್ ಇರ್ಲಿ ಅಂದ್ರಂತೆ."

ಮೆಣಸು ಅಪ್ಪನನ್ನು ನೋಡಿದಳು. ಅಪ್ಪ ಹಳದಿಯನ್ನು ನೋಡುತ್ತಿದ್ದರು.

"ಬೆಟ್ಟದ ರಸ್ತೇಲಿ. ಹುಡುಗ ಸರಿಯಾಗೇ ಓಡಿಸ್ತಿದ್ದ. ಪಕ್ಕದಲ್ಲಿದ್ದ ಅಪ್ಪನಿಗೆ ಜೀವ ಬಾಯಿಗೆ ಬಂತು, ತಿರುವಿನ ಮಧ್ಯದಲ್ಲಿ ಒತ್ತಿಬಿಟ್ಟರು. ಚಿಕ್ಕ ಕಾರು, ಹಿಂಭಾಗ ಹಗುರ. ಗಿರ್ರಂತ ತಿರುಗ್ತು. ಹುಡುಗನ ಕಡೆ ಬಾಗಿಲು ಮರಕ್ಕೆ ಹೊಡೀತು. ಅಪ್ಪನಿಗೆ ಒಂದು ಗೀರೂ ಆಗ್ಲಿಲ್ಲ."

"ಆಮೇಲೆ?" ಅಮ್ಮ ಕೇಳಿದಳು.

"ಆಮೇಲೆ ಅವರೇ ಒಂದೊಂದಾಗಿ ಎಲ್ಲ ಬಿಚ್ಚಿದ್ರು. ಬಾಗಿಲು ಬದಲಾಯಿಸಿ, ತೂತು ಮುಚ್ಚಿ, ಬಣ್ಣ ಬಳಿಸಿದ್ರು. ಮಗ ಕೈಯಿಡೋ ಮೊದಲು ಹೇಗಿತ್ತೋ ಹಾಗೆ ಮಾಡಿ ಮಾರಿಬಿಟ್ಟರು."

ಅವನು ತನ್ನ ಪೆಟ್ಟಿಗೆಯನ್ನು ಮುಚ್ಚಿಕೊಂಡ. "ನೀವು ಹಾಕು ಅಂದ್ರೆ ಹಾಕ್ತೀನಿ ಮೇಷ್ಟ್ರೇ. ಆದ್ರೆ ಇವತ್ತು ಬೇಡ," ಎಂದು ಎದ್ದುಹೋದ.

ಅವತ್ತು ಮೇಷ್ಟ್ರು ಅರ್ಧ ಬ್ರೆಡ್ಡು ತಿಂದು ತಟ್ಟೆ ಸರಿಸಿದರು. "ಕಾರು ಮಾರಿಬಿಡು," ಅಂದರು.

"ತಪ್ಪು ಮಾಡಿದ್ದು ಕಾರಲ್ಲ ಅಪ್ಪ."

"ಯಾರು ಮಾಡಿದ್ದು ಅಂತ ನನಗೆ ಗೊತ್ತು!" ಎಂದು ಗದರಿದರು. ಆ ಮನೆಯಲ್ಲಿ ಅವರು ಗದರಿದ್ದನ್ನು ಕೇಳಿದವರಿರಲಿಲ್ಲ. ಮೆಣಸು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಅವಳ ತಟ್ಟೆಯ ಮೇಲೆ ಅಮ್ಮ ಇನ್ನೊಂದು ತಟ್ಟೆ ಬೋರಲು ಹಾಕಿಟ್ಟಳು.

ಆ ಭಾನುವಾರ ಬೆಟ್ಟ ಹತ್ತಿದವರಲ್ಲಿ ಮೆಣಸು ಇರಲಿಲ್ಲ. ಮಾರನೇ ವಾರ ಶಾಲೆಯ ಕಾರಿನಲ್ಲಿ ಕಲಿಯಲು ಬರುತ್ತಿದ್ದ ನರ್ಸಮ್ಮ ಗೇಟಿನ ಕಂಬಕ್ಕೆ ಗುದ್ದಿದಳು. ಮೆತ್ತಗೆ ಗುದ್ದಿದ್ದು, ದೀಪದ ಗಾಜು ಮಾತ್ರ ಹೋಯಿತು. "ಮೇಷ್ಟ್ರೇ! ನೀವು ಒತ್ತಲೇ ಇಲ್ಲ!" ಎಂದು ಅವಳು ಕೂಗಿದಳು. ಮೇಷ್ಟ್ರು ತಮ್ಮ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡು, "ಒತ್ತೋದೋ ಬಿಡೋದೋ ಗೊತ್ತಾಗ್ಲಿಲ್ಲಮ್ಮ" ಅಂದರು. ಮನೆಗೆ ಬಂದು ಇದನ್ನು ಹೆಂಡತಿಗೆ ಮಾತ್ರ ಹೇಳಿದರು.

ಮುಂದಿನ ಬಾರಿ ಅವಳು ಪಾಳಿ ಮುಗಿಸಿ ಬರುವಾಗ ದೀಪದ ಕಂಬದ ಹತ್ತಿರ ನಿಂತಿದ್ದವನನ್ನು ಕಂಡು, ಅತ್ತೆಯ ಕಣ್ಣಿಗೆ ಪೊರೆ ಬಂದಿಲ್ಲ ಎಂದುಕೊಂಡು, ನೇರ ಅವನ ಬಳಿಗೇ ಹೋದಳು. ಇಸ್ತ್ರಿ ಮಾಡಿದ ಅಂಗಿ, ಬೋಳಿಸಿದ ಗಡ್ಡ, ಒಂದು ಚಪ್ಪಲಿ ಮಾತ್ರ ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು.

"ಒಳಗೆ ಬನ್ನಿ. ನೀವು ಒರಗಿ ಒರಗಿ ನಮ್ಮ ಬೀದಿ ಕಂಬವೂ ವಾಲಿದೆ," ಅಂದಳು. "ಬ್ರೆಡ್ಡು ಇನ್ನೂ ಬಿಸಿಯಾಗಿದೆ."

ಅವನು ಎದುರು ಮಾತಾಡದೆ ಹಿಂದೆಯೇ ಬಂದ. ಯಾರೋ ಕರೆಯಲೆಂದೇ ಕಾದಿದ್ದವನ ಹಾಗೆ.

ಮೇಜಿನ ಒಂದು ಕಡೆ ಮೇಷ್ಟ್ರು, ಎದುರಿಗೆ ಅವನು. ನಡುವೆ ಬೆಣ್ಣೆ, ಮೊಟ್ಟೆ. ಚಮಚ ಬಿತ್ತೆಂದು ಬಗ್ಗಿದ ಅಜ್ಜಿ ಮೇಜಿನ ಕೆಳಗಿಂದ ತಲೆಯೆತ್ತಿ, "ಎರಡು ಜೊತೆ ಕಾಲು, ಒಂದೇ ಚಾಳಿ," ಎಂದು ಗೊಣಗಿದಳು. ಆಮೇಲೆ ಯಾರೂ ಕೇಳಲಾರದ್ದನ್ನು ಅವಳೇ ಕೇಳಿದಳು: "ದಿನಾ ಬಂದು ಏನಪ್ಪ ನೋಡ್ತೀಯ?"

"ದಿನಾ ಇಲ್ಲಮ್ಮ. ಒಂದಿನ ಈ ಕಡೆ ಹಾದು ಹೋಗ್ತಿದ್ದೆ, ಅದರ ಸದ್ದು ಕೇಳಿಸ್ತು. ಎಲ್ಲಿದ್ರೂ ಗುರುತು ಹಿಡೀತೀನಿ." ಅವನು ಬ್ರೆಡ್ಡನ್ನು ಚೂರು ಮಾಡಿದ, ತಿನ್ನಲಿಲ್ಲ. "ಆಮೇಲೆ ಬಂದಾಗ ಟೈರು ಬದಲಾಗಿತ್ತು. ಅದಾದ ಮೇಲೆ ನೋಡಿದ್ರೆ ಕೆಳಗಿಳಿದಿತ್ತು. ಆಮೇಲೆ ಆ ಸೀಟು. ನಾನು ಬಿಚ್ಚಿದ್ದನ್ನೆಲ್ಲ ಯಾರೋ ಒಂದೊಂದಾಗಿ ವಾಪಸ್ ಹಾಕ್ತಿದ್ರು. ಅದೇ ಸರದೀಲಿ."

"ಎಲ್ಲ ಗ್ಯಾರೇಜಿನವರೂ ಅದೇ ಸರದಿ ಹೇಳೋದು," ಅಂದಳು ಮೆಣಸು. ಅವಳ ದನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು.

"ಇರಬಹುದು ಮಗಳೇ. ನನಗೆ ಮಾತ್ರ, ಅವನು ಒಂದೊಂದೇ ಹೆಜ್ಜೆ ವಾಪಸ್ ಬರ್ತಿದಾನೆ ಅನ್ನಿಸ್ತು. ಬರ್ಲಿ ಅಂತಾನೂ ಅನ್ನಿಸ್ತು. ಬಂದ್ಮೇಲೆ ಏನಾಗತ್ತೆ ಅಂತಾನೂ ಗೊತ್ತಿತ್ತು. ಇನ್ನೊಂದೇ ಸಾಮಾನು ಬಾಕಿ ಇತ್ತು."

ಅಮ್ಮ ಒಲೆಯ ಮೇಲಿದ್ದ ನೀರನ್ನು ಇಳಿಸಿದಳು.

"ಆ ಬ್ರೇಕು ಹಾಕಿಸಲ್ಲ," ಅಂದರು ಮೇಷ್ಟ್ರು.

ಮೆಣಸು ಅಪ್ಪನ ಕಡೆ ತಿರುಗಿದಳು. ಅವರು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದರಲ್ಲಿದ್ದರು. ಹಚ್ಚಿದ್ದಕ್ಕೇ ಮತ್ತೆ ಹಚ್ಚುತ್ತಿದ್ದರು.

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಕೇಳಿದ: "ಒಂದು ಸಲ ಅದರಲ್ಲಿ ಕೂರಬಹುದಾ? ಮಗಳು ಓಡಿಸ್ಲಿ. ಬೆಟ್ಟದ ರಸ್ತೇಲಿ."

"ನಾನೂ ಬರ್ತೀನಿ," ಅಂದರು ಮೇಷ್ಟ್ರು ತಕ್ಷಣ. "ಹಿಂದೆ ಕೂರ್ತೀನಿ."

"ತರಕಾರಿ ಚೀಲದ ಜಾಗದಲ್ಲಾ?" ಅಜ್ಜಿ ಕೇಳಿದಳು.

"ಹ್ಞೂ. ಅಲ್ಲೇ."

ಮಾರನೇ ದಿನ ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಮೇಷ್ಟ್ರು ಮಂಡಿಯನ್ನು ಗಲ್ಲಕ್ಕೆ ತಂದುಕೊಂಡು ಹಿಂದೆ ತುರುಕಿಕೊಂಡರು. ಅವನು ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಹಾಕಿ, ಚಪ್ಪಲಿಗಳನ್ನು ಬಾಗಿಲ ಕಡೆಗೆ ಸರಿಸಿ, ಎರಡೂ ಪಾದಗಳನ್ನು ಸೀಟಿನ ಮೇಲಕ್ಕೆ ಎತ್ತಿಟ್ಟುಕೊಂಡ. ಕೈಗಳಿಂದ ಮೊಣಕಾಲುಗಳನ್ನು ಕಟ್ಟಿ ಹಿಡಿದ. ಕೆಳಗೆ ನೀರು ತುಂಬಿದೆಯೇನೋ ಎಂಬಂತೆ.

"ಆರಾಮಾಗಿ ಕೂತ್ಕೊಳ್ಳಿ. ಅಲ್ಲೇನೂ ಇಲ್ಲ," ಅಂದಳು ಮೆಣಸು.

"ಇಲ್ಲ ಅಂತ ಗೊತ್ತು. ಕಾಲಿಗೆ ಗೊತ್ತಿಲ್ಲ."

ಊರು ಮುಗಿಯಿತು. ರಸ್ತೆ ಏರತೊಡಗಿತು. ಮೊದಲ ತಿರುವು, ಎರಡನೆಯದು. ಕಾರು ತಗ್ಗಾಗಿ, ಬಿಗಿಯಾಗಿ, ಹೇಳಿದ ಮಾತು ಕೇಳಿಕೊಂಡು ಏರಿತು. ಮುಂದೆ ಒಂದು ದೊಡ್ಡ ಮರ ಕಂಡಿತು. ಬುಡದಲ್ಲಿ ತೊಗಟೆ ಇಲ್ಲದ ಜಾಗದಲ್ಲಿ ಮರ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದವನ ಉಸಿರು ನಿಂತಿತು. ಹಿಂದಿನಿಂದ ಅಪ್ಪನ ಉಸಿರೂ ಕೇಳಲಿಲ್ಲ. ಮೆಣಸು ತಿರುವಿಗೆ ಮೊದಲೇ ಬ್ರೇಕ್ ಒತ್ತಿ ವೇಗ ಇಳಿಸಿದಳು, ಒತ್ತಿದ್ದನ್ನು ಬಿಟ್ಟಳು, ಸ್ಟೇರಿಂಗ್ ತಿರುಗಿಸಿದಳು. ಮರ ಕಿಟಕಿಯ ತುಂಬ ಬಂದು, ದಾಟಿಹೋಯಿತು.

ಸ್ವಲ್ಪ ಮುಂದೆ ಅವನು ಕೇಳಿದ: "ನನ್ನ ಕಾಲು ಕೆಳಗೆ ಬಂತಾ?"

"ಇಲ್ಲ."

"ನೋಡಿದ್ಯಾ?"

"ಇಲ್ಲ. ರಸ್ತೆ ನೋಡ್ತಿದ್ದೆ."

"ಮತ್ತೆ ಹೇಗೆ ಹೇಳ್ತೀಯ?"

"ಕಾರು ನಾನು ಹೇಳಿದ ಹಾಗೇ ತಿರುಗ್ತು."

ಅವನು ಮೊಣಕಾಲು ಕಟ್ಟಿದ್ದ ಕೈಗಳನ್ನು ಬಿಟ್ಟ. ಆಮೇಲೆ, "ಇಲ್ಲೇ ನಿಲ್ಲಿಸು ಮಗಳೇ, ನಾನು ನಡ್ಕೊಂಡು ಹೋಗ್ತೀನಿ" ಅಂದ. ಇಳಿದು, ಚಪ್ಪಲಿ ಮೆಟ್ಟಿ, ಕಾರಿನ ಛಾವಣಿಯನ್ನು ಅಂಗೈಯಿಂದ ಒಮ್ಮೆ ಸವರಿ, ಬಂದ ದಾರಿಯಲ್ಲೇ ಮರದ ಕಡೆಗೆ ಇಳಿದುಹೋದ. ಹಿಂದಿರುಗಿ ನೋಡಲಿಲ್ಲ.

"ಮುಂದೆ ಬಾ ಅಪ್ಪ," ಅಂದಳು ಮೆಣಸು.

"ಬೇಡ. ಇಲ್ಲೇ ಸರಿಯಾಗಿದೆ. ಹೊರಡು."

ಕಾರು ಹೊರಟದ್ದೇ ತಡ, ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಮಿನುಗಿತು. ಜೊತೆಗೆ ಟಿಣ್, ಟಿಣ್.

"ಏನದು?"

"ಬೆಲ್ಟ್ ಹಾಕಿಲ್ಲ ಅಂತ."

"ನಾನು ಹಾಕ್ಕೊಂಡಿದೀನಲ್ಲ."

"ನಿನ್ನದಲ್ಲ ಅಪ್ಪ. ಪಕ್ಕದ ಸೀಟಿಂದು. ಅಲ್ಲಿ ಯಾರಾದ್ರೂ ಕೂತಿದ್ರೆ ಮಾತ್ರ ಹೊಡ್ಕೊಳ್ಳೋದು."

ಇಬ್ಬರೂ ಪಕ್ಕದ ಸೀಟನ್ನು ನೋಡಿದರು. ಬಿಸಿಲು ಬಿದ್ದಿತ್ತು, ಅಷ್ಟೇ. ಟಿಣ್, ಟಿಣ್. ಮೇಷ್ಟ್ರು ತಮ್ಮ ಬೆಲ್ಟನ್ನು ಸಡಿಲಿಸಿಕೊಂಡು ಹಿಂದಿನಿಂದ ಕೈ ಚಾಚಿದರು. ಮಲಗಿದ ಮಗುವಿಗೆ ಹೊದಿಸುವ ಹಾಗೆ, ಖಾಲಿ ಸೀಟಿನ ಅಡ್ಡಕ್ಕೆ ಬೆಲ್ಟನ್ನು ಎಳೆದು ಚಿಲಕಕ್ಕೆ ಸಿಕ್ಕಿಸಿದರು. ದೀಪ ಆರಿತು.

"ಎಷ್ಟು ಜೋರಾಗಿ ಹೋಗ್ಲಿ?" ಮೆಣಸು ಕೇಳಿದಳು.

"ನಿನಗೆ ಗೊತ್ತಿರೋಷ್ಟು."

ಮುಂದೆ ರಸ್ತೆ ಮತ್ತೆ ಬಾಗಿತ್ತು. ಕನ್ನಡಿಯಲ್ಲಿ ನೋಡಿದಳು. ಓಡುವ ಕಾರಿನಲ್ಲಿ ಒಂದು ದಿನವೂ ರೆಪ್ಪೆ ಮುಚ್ಚದ ಅಪ್ಪ ಕಣ್ಣು ಮುಚ್ಚಿ, ತಲೆಯನ್ನು ಗಾಜಿಗೆ ಒರಗಿಸಿದ್ದರು. ನಿದ್ದೆಯೋ ಭಯವೋ ತಿಳಿಯಲಿಲ್ಲ. ಅವಳು ಗೇರು ಬದಲಾಯಿಸಿ ಕಾರನ್ನು ತಿರುವಿಗೆ ಹೊರಳಿಸಿದಳು.